ಹೂ ಒಂದು ಹೇಳಿದರೆ ಕಾಯಿ ಇನ್ನೊಂದು

ಶಿವಮೊಗ್ಗದ ನೂರಾರು ಹೂಗಳು ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿವೆ. ಅಲ್ಲಿನ ರಾಯಲ್ ಬೊಟಾನಿಕ್ ಗಾರ್ಡನ್‌ನ ಸಂಗ್ರಹದಲ್ಲಿ ಕಾಗದದ ಮೇಲೆ ಬಣ್ಣ ತುಂಬಿ ಬರೆದ ಚಿತ್ರಗಳು ಅವು. ಬರೆಸಿದವನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಹ್ಯೂ ಕ್ಲೆಗಾರ್ನ್, ಬರೆದವನು ಒಬ್ಬ ಮರಾಠಾ ಚಿತ್ರಕಾರ. ಕಾಲ 1845ರಿಂದ 1847. ಬರೆಸಿದವನ ಹೆಸರಿನಲ್ಲಿ ಆಮೇಲೆ ಒಂದು ಸಸ್ಯಕುಲವೇ ‘ಕ್ಲೆಗಾರ್ನಿಯಾ’ ಎಂದು ನಾಮಕರಣಗೊಂಡಿತು. ಬರೆದವನ ಹೆಸರು ಮಾತ್ರ ಯಾವ ಹಾಳೆಯ ಅಂಚಿನಲ್ಲೂ ಉಳಿಯಲಿಲ್ಲ.

ಕ್ಲೆಗಾರ್ನ್ ಹುಟ್ಟಿದ್ದು 1820ರಲ್ಲಿ, ಮದರಾಸಿನಲ್ಲಿ. ಎಡಿನ್‌ಬರೊದಲ್ಲಿ ವೈದ್ಯಶಾಸ್ತ್ರ ಓದಿದ. ಆಗಿನ ಕಾಲಕ್ಕೆ ವೈದ್ಯನಾಗುವವನು ಸಸ್ಯಶಾಸ್ತ್ರವನ್ನೂ ಕಲಿಯಲೇಬೇಕಿತ್ತು. ಔಷಧಗಳಲ್ಲಿ ಹೆಚ್ಚಿನವು ಬರುತ್ತಿದ್ದುದೇ ಗಿಡಮೂಲಿಕೆಯಿಂದ. 1842ರಲ್ಲಿ ಮದರಾಸಿಗೆ ಮರಳಿ ಕಂಪನಿಯ ನೌಕರಿ ಹಿಡಿದವನು ಕೆಲವೇ ವರ್ಷಗಳಲ್ಲಿ ಮೈಸೂರು ಸೀಮೆಗೆ ಬಂದ. ಮೈಸೂರಿನ ಆಡಳಿತ ಆಗ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೈಯಲ್ಲಿತ್ತು, ನಗರ ವಿಭಾಗಕ್ಕೆ ಶಿವಮೊಗ್ಗ ಕೇಂದ್ರವಾಗಿತ್ತು. ಲಂಡನ್ ಬಳಿಯ ಕ್ಯೂ ಉದ್ಯಾನದ ನಿರ್ದೇಶಕ ವಿಲಿಯಂ ಹೂಕರ್ ಅವನಿಗೆ ಒಂದು ಕಿವಿಮಾತು ಹೇಳಿದ್ದ. ದಿನಕ್ಕೆ ಒಂದು ಗಿಡ, ಅದಕ್ಕೆ ಕಾಲು ಗಂಟೆ, ಅಷ್ಟೇ. ತುಂಗೆಯ ದಡದ ಊರಿನಲ್ಲಿ ಕ್ಲೆಗಾರ್ನ್ ಈ ಮಾತನ್ನು ಬಿಡದೆ ಪಾಲಿಸಿದ. ನೋಡಿದ ಗಿಡ ಮರೆಯಾಗದಿರಲೆಂದು ಚಿತ್ರ ಬರೆಸಿದ.

ಕಾಲು ಗಂಟೆಯಲ್ಲಿ ಗಿಡದ ಏನನ್ನು ನೋಡುವುದು? ಎಲೆಗೆ ಒಂದೆರಡು ನಿಮಿಷ ಸಾಕು. ಉಳಿದ ಹೊತ್ತೆಲ್ಲ ಹೂವಿನದು. ಹೊರಗಿನ ಹಸಿರು ಪುಷ್ಪಪತ್ರಗಳು ಎಷ್ಟು, ಬಿಡಿಯಾಗಿವೆಯೋ ಕೂಡಿಕೊಂಡಿವೆಯೋ? ದಳಗಳು ಎಷ್ಟು? ಕೇಸರಗಳು ದಳಕ್ಕೆ ಅಂಟಿವೆಯೋ ಬುಡದಿಂದ ಸ್ವತಂತ್ರವಾಗಿ ಎದ್ದಿವೆಯೋ? ಅಂಡಾಶಯ ದಳಗಳಿಗಿಂತ ಮೇಲೆ ಕೂತಿದೆಯೋ ಅವುಗಳ ಕೆಳಗೆ ಹುದುಗಿದೆಯೋ? ಅದನ್ನು ಅಡ್ಡ ಕೊಯ್ದರೆ ಒಳಗೆ ಎಷ್ಟು ಕೋಣೆ, ಬೀಜವಾಗುವ ಕಾಳುಗಳು ಯಾವ ಗೋಡೆಗೆ ಅಂಟಿವೆ? ಅದೇ ಅಂಡಾಶಯ ಬಲಿತು ಕಾಯಾದಾಗ ಸಿಡಿಯುತ್ತದೋ, ಕೊಳೆಯುತ್ತದೋ, ಗಾಳಿಗೆ ಹಾರುತ್ತದೋ? ಎಲೆ ನಂಬಿಕಸ್ಥನಲ್ಲ. ನೆರಳಿನಲ್ಲಿ ಒಂದು ಅಳತೆ, ಬಿಸಿಲಲ್ಲಿ ಇನ್ನೊಂದು. ಹೂವಿನ ಒಳಗಿನ ಲೆಕ್ಕ ಅಷ್ಟು ಸಲೀಸಾಗಿ ಬದಲಾಗುವುದಿಲ್ಲ. ಗಿಡದ ಕುಟುಂಬ ಹುಡುಕುವವರು ಹೂವು-ಕಾಯಿಗೆ ಜೋತುಬಿದ್ದಿರುವುದು ಇದಕ್ಕೇ.

ಕ್ಲೆಗಾರ್ನ್ ಶಿವಮೊಗ್ಗದಲ್ಲಿದ್ದ ಕಾಲಕ್ಕೆ ಈ ಲೆಕ್ಕ ಇಡುವ ರೀತಿಯೇ ಬದಲಾಗುತ್ತಿತ್ತು. 1832ರಲ್ಲಿ ಅಚ್ಚಾದ ವಿಲಿಯಂ ರಾಕ್ಸ್‌ಬರ್ಗನ ‘ಫ್ಲೋರಾ ಇಂಡಿಕಾ’ ಹಿಡಿದದ್ದು ಲಿನೇಯಸ್‌ನ ಹಾದಿ. ಅಲ್ಲಿ ಕೇಸರ ಎಣಿಸಿದರೆ ವರ್ಗ ಸಿಕ್ಕಿತು. ಸುಲಭವೇನೋ ಹೌದು, ಆದರೆ ಪರಿಣಾಮ ನೋಡಿ: ಎರಡು ಕೇಸರವಿದೆ ಎಂಬ ಒಂದೇ ಕಾರಣಕ್ಕೆ ಲಿನೇಯಸ್ ಮಲ್ಲಿಗೆಯನ್ನೂ ಕರಿಮೆಣಸನ್ನೂ ಒಂದೇ ವರ್ಗಕ್ಕೆ ಸೇರಿಸಿದ್ದ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ ಮಲೆನಾಡಿನ ಯಾವ ಕೃಷಿಕನೂ ಈ ನೆಂಟಸ್ತಿಕೆಗೆ ಒಪ್ಪಲಾರ. ಮಲ್ಲಿಗೆಗೆ ದಳಗಳು ಕೂಡಿದ ಕೊಳವೆಯಿದೆ. ಮೆಣಸಿನ ಹೂವಿಗೆ ದಳವೇ ಇಲ್ಲ, ಕಣ್ಣಿಗೂ ಬೀಳದಷ್ಟು ಚಿಕ್ಕ ಹೂಗಳು ಇಳಿಬಿದ್ದ ತೆನೆಯ ಮೇಲೆ ಒತ್ತಾಗಿ ಕೂತಿರುತ್ತವೆ. ರಾಕ್ಸ್‌ಬರ್ಗನ ಪುಸ್ತಕ ಬಂದ ಎರಡೇ ವರ್ಷಕ್ಕೆ, 1834ರಲ್ಲಿ, ರಾಬರ್ಟ್ ವೈಟ್ ಮತ್ತು ಆರ್ನಟ್ ಸೇರಿ ದಕ್ಷಿಣ ಭಾರತದ ಸಸ್ಯಗಳನ್ನು ‘ಸಹಜ ಕುಟುಂಬ’ಗಳಾಗಿ ಜೋಡಿಸಿದರು. ಒಂದು ಲಕ್ಷಣಕ್ಕೆ ಪಟ್ಟು ಹಿಡಿಯಬೇಡ, ಹೂ, ಕಾಯಿ, ಬೀಜ ಎಲ್ಲವನ್ನೂ ಒಟ್ಟಿಗೆ ತೂಗು ಎಂಬುದು ಅವರ ದಾರಿ. ಕ್ಲೆಗಾರ್ನ್ ತಲೆಮಾರಿನವರು ಈ ಹೊಸ ದಾರಿಯಲ್ಲಿ ನಡೆದರು.

ಹಾಗಾದರೆ ಅದಕ್ಕೂ ಮುಂಚೆ ಇಲ್ಲಿಯವರಿಗೆ ಗಿಡ ಗೊತ್ತಿರಲಿಲ್ಲವೆ? 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಇಕ್ಕೇರಿ, ನಗರದ ಕಡೆ ತಿರುಗಾಡಿದಾಗ ಮರಗಳ ಹೆಸರನ್ನು ಊರವರ ಬಾಯಿಂದಲೇ ಕೇಳಿ ಬರೆದುಕೊಂಡ. 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾದ ಅವನ ಪ್ರವಾಸದ ವರದಿಯಲ್ಲಿ ಅಂಥ ಹೆಸರುಗಳು ಬೇಕಾದಷ್ಟಿವೆ. ಮಲೆನಾಡಿನವರು ಗುರುತು ಹಿಡಿಯುತ್ತಿದ್ದ ಬಗೆ ಬೇರೆ. ತೊಗಟೆ ಕೆತ್ತಿ ಮೂಸುತ್ತಿದ್ದರು, ಸೊನೆ ನೋಡುತ್ತಿದ್ದರು, ಎಲೆ ಹಿಚುಕುತ್ತಿದ್ದರು. ಮಾವಿನ ಮಿಡಿಯ ಸೊನೆ ತುಟಿ ಸುಡುತ್ತದೆ, ಗೇರುಬೀಜದ ಸಿಪ್ಪೆಯ ಎಣ್ಣೆ ಕೈ ಸುಡುತ್ತದೆ, ಅಗಸರು ಬಟ್ಟೆಗೆ ಗುರುತು ಹಾಕುವ ಗುಡ್ಡೆಗೇರಿನ ರಸ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಮೂರೂ ಒಂದೇ ಅನಕಾರ್ಡಿಯೇಸಿ ಕುಟುಂಬದವು. ಇವುಗಳಲ್ಲಿ ಗೇರು ಮತ್ತು ಗುಡ್ಡೆಗೇರಿನ ಕಾಯಿ ನೋಡಿದರೆ ನೆಂಟಸ್ತಿಕೆ ಇನ್ನೂ ಹತ್ತಿರದ್ದೆಂದು ತಿಳಿಯುತ್ತದೆ: ಎರಡರಲ್ಲೂ ಊದಿಕೊಂಡ ತೊಟ್ಟೇ ಹಣ್ಣಾಗುತ್ತದೆ, ನಿಜವಾದ ಕಾಯಿ ಅದರ ತುದಿಯಲ್ಲಿ ಹೊರಗೆ ಕೂತಿರುತ್ತದೆ. ಲ್ಯಾಟಿನ್ ಹೆಸರಿಲ್ಲದೆಯೂ ಈ ತಿಳಿವಳಿಕೆ ಇತ್ತು. ಕಾಗದಕ್ಕೆ ಇಳಿದಿರಲಿಲ್ಲ, ಅಷ್ಟೇ.

ಅನಾರೋಗ್ಯದಿಂದ ಕ್ಲೆಗಾರ್ನ್ 1848ರಲ್ಲಿ ಬ್ರಿಟನ್ನಿಗೆ ಹೋದ. ಉಷ್ಣವಲಯದ ಕಾಡು ನಾಶವಾದರೆ ಏನಾಗುತ್ತದೆ ಎಂಬ ಬಗ್ಗೆ ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನ ಸಂಸ್ಥೆಗಾಗಿ ಅವನ ಮುಂದಾಳತ್ವದಲ್ಲಿ ವರದಿಯೊಂದು ಸಿದ್ಧವಾಗಿ 1851ರಲ್ಲಿ ಹೊರಬಂತು. ಭಾರತಕ್ಕೆ ಮರಳಿದ ಮೇಲೆ ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿದ. 1856ರಲ್ಲಿ ಮದರಾಸು ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದ. ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯವನ್ನು ಅವನು ಕಂಡದ್ದು ನಗರ ಸೀಮೆಯಲ್ಲೇ, ಅದರ ವಿರುದ್ಧ ದನಿ ಎತ್ತಿದವರಲ್ಲಿ ಅವನೂ ಒಬ್ಬ. ಕುಮರಿಯವರ ಮೇಲೆ ಬಿದ್ದಷ್ಟು ಕಣ್ಣು ರೈಲ್ವೆ ಹಲಗೆಗೆ ಹೋದ ಮರಗಳ ಮೇಲೆ ಆ ಆಡಳಿತಕ್ಕೆ ಬೀಳಲಿಲ್ಲ ಎನ್ನುವುದೂ ಇತಿಹಾಸವೇ. ಮದರಾಸಿನಲ್ಲಿ ಅವನಿಗೆ ಚಿತ್ರ ಬರೆದುಕೊಟ್ಟ ಗೋವಿಂದು ಎಂಬ ತೆಲುಗು ಕಲಾವಿದನ ಹೆಸರು ಉಳಿದಿದೆ. ಎಡಿನ್‌ಬರೊದ ಸಸ್ಯತಜ್ಞ ಹೆನ್ರಿ ನೋಲ್ಟಿ 2016ರಲ್ಲಿ ಈ ಸಂಗ್ರಹದ ಚಿತ್ರಗಳನ್ನು ಪುಸ್ತಕವಾಗಿ ತಂದರು. ಶಿವಮೊಗ್ಗದ ಕೆಲಸ ಮತ್ತೆ ಕಣ್ಣಿಗೆ ಬಿದ್ದದ್ದು ಆಗ.

1862ರಿಂದ 1883ರವರೆಗೆ ಜಾರ್ಜ್ ಬೆಂಥಮ್ ಮತ್ತು ವಿಲಿಯಂ ಹೂಕರನ ಮಗ ಜೋಸೆಫ್ ಹೂಕರ್ ಸೇರಿ ‘ಜೆನೆರಾ ಪ್ಲಾಂಟಾರಮ್’ ಹೊರತಂದರು. ದಳಗಳು ಬಿಡಿಯಾದವು, ದಳಗಳು ಕೂಡಿದವು, ದಳ ಮತ್ತು ಪುಷ್ಪಪತ್ರ ಎಂಬ ಭೇದವಿಲ್ಲದೆ ಒಂದೇ ಸುತ್ತು ಇರುವವು ಎಂದು ದ್ವಿದಳ ಸಸ್ಯಗಳನ್ನು ಮೂರು ದೊಡ್ಡ ಗುಂಪು ಮಾಡಿ, ಒಟ್ಟಾರೆ ಇನ್ನೂರಕ್ಕೂ ಹೆಚ್ಚು ಕುಟುಂಬಗಳನ್ನು ಜೋಡಿಸಿದರು. ಭಾರತದ ಕಾಲೇಜುಗಳಿಗೆ ಇದೇ ಪಠ್ಯದ ಬೆನ್ನೆಲುಬಾಯಿತು. ಜೋಸೆಫ್ ಹೂಕರನ ‘ಫ್ಲೋರಾ ಆಫ್ ಬ್ರಿಟಿಷ್ ಇಂಡಿಯಾ’ 1897ರಲ್ಲಿ ಏಳು ಸಂಪುಟಗಳಿಗೆ ಮುಗಿಯಿತು. ಆಮೇಲೆ ಪ್ರಾಂತ್ಯವಾರು ಪುಸ್ತಕಗಳು ಬಂದವು. ಮುಂಬಯಿ ಪ್ರಾಂತ್ಯಕ್ಕೆ ಥಿಯೊಡರ್ ಕುಕ್ ಬರೆದ, ಮದರಾಸು ಪ್ರಾಂತ್ಯಕ್ಕೆ ಗ್ಯಾಂಬಲ್ ಶುರುಮಾಡಿದ್ದು 1936ರಲ್ಲಿ ಪೂರ್ಣವಾಯಿತು. ಪೇಚು ಇದ್ದದ್ದು ಇಲ್ಲಿ: ಉತ್ತರ ಕನ್ನಡ ಮುಂಬಯಿಯ ಪುಸ್ತಕಕ್ಕೆ ಸೇರಿತು, ದಕ್ಷಿಣ ಕನ್ನಡ ಮದರಾಸಿನ ಪುಸ್ತಕಕ್ಕೆ ಸೇರಿತು. ಎರಡರ ನಡುವಿನ ಶಿವಮೊಗ್ಗ ಮೈಸೂರು ಸಂಸ್ಥಾನದ್ದು, ಅದಕ್ಕೆ ತನ್ನದೇ ಪುಸ್ತಕವಿರಲಿಲ್ಲ. ಇಲ್ಲಿ ಗಿಡ ಗುರುತಿಸುವವರು ಕುಕ್ ಮತ್ತು ಗ್ಯಾಂಬಲ್ ಇಬ್ಬರನ್ನೂ ಮೇಜಿನ ಮೇಲೆ ತೆರೆದಿಟ್ಟುಕೊಂಡು ಕೂರಬೇಕಾಗಿತ್ತು.

ಕಾಡು ಮಾತ್ರ ಪುಸ್ತಕ ಬರಲಿ ಎಂದು ಕಾಯಲಿಲ್ಲ. ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಭದ್ರಾವತಿಯಲ್ಲಿ 1923ರ ಜನವರಿಯಲ್ಲಿ ‘ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್’ ಕೆಲಸ ಆರಂಭಿಸಿತು. ಅದೇ ವರ್ಷ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾದರು. ಕೆಮ್ಮಣ್ಣುಗುಂಡಿಯಿಂದ ಅದಿರು, ಸುತ್ತಲ ಕಾಡಿನಿಂದ ಇದ್ದಿಲಿಗೆ ಸೌದೆ. ಸೌದೆ ಬೇಯಿಸಿದಾಗ ಹೊರಬರುವ ಹೊಗೆಯಿಂದ ಮರದ ಸ್ಪಿರಿಟ್, ಸುಣ್ಣದ ಅಸಿಟೇಟ್, ಟಾರು ತೆಗೆಯುತ್ತಿದ್ದರು. ಕುಲುಮೆಗೆ ಕುಟುಂಬ ಬೇಕಿಲ್ಲ, ಗಟ್ಟಿ ಮರ ಸಾಕು. ಆದರೆ ಭದ್ರಾವತಿಯ ಸುತ್ತಿನ ಎಲೆಯುದುರುವ ಕಾಡಿಗೆ ಹೊಕ್ಕವರಿಗೆ ಹೂವು-ಕಾಯಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು.

ಮತ್ತಿಯನ್ನೇ ತೆಗೆದುಕೊಳ್ಳಿ. ಅದರ ಕಾಯಿಗೆ ಐದು ಅಗಲವಾದ ರೆಕ್ಕೆ. ಪಕ್ಕದ ಹುಣಾಲು ಮರದ ಕಾಯಿಗೆ ಒಂದು ದೊಡ್ಡ ರೆಕ್ಕೆ, ಎರಡು ಪುಟ್ಟವು. ದಿಂಡಿಗದ ಕಾಯಿ ಹುಡುಕಿ ನೋಡಬೇಕಾದಷ್ಟು ಚಿಕ್ಕದು, ದುಂಡನೆಯ ಗೊಂಚಲಲ್ಲಿ ಒತ್ತಾಗಿರುತ್ತದೆ. ತಾರೆಕಾಯಿಗೆ ರೆಕ್ಕೆಯೇ ಇಲ್ಲ. ಅಳಲೆಕಾಯಿಗೆ ಐದು ಗೀರುಗಳಿವೆ, ಹಾರುವ ಯೋಗವಿಲ್ಲ. ಕಾಯಿ ಮಾತ್ರ ನೋಡಿದವರು ಐದನ್ನೂ ಐದು ದಿಕ್ಕಿಗೆ ಹಾಕುತ್ತಾರೆ. ಈಗ ಹೂ ನೋಡಿ. ಐದರಲ್ಲೂ ದಳವಿಲ್ಲ. ಐದು ಹಲ್ಲಿನ ಪುಟ್ಟ ಬಟ್ಟಲು, ಅದರಿಂದ ಹೊರಚಾಚಿದ ಹತ್ತು ಕೇಸರ, ಬಟ್ಟಲಿನ ಕೆಳಗೆ ಅಡಗಿದ ಒಂದೇ ಕೋಣೆಯ ಅಂಡಾಶಯ, ಅದರ ಮಾಡಿನಿಂದ ಇಳಿಬಿದ್ದ ಕಾಳುಗಳು. ಐದೂ ಕಾಂಬ್ರಿಟೇಸಿ ಕುಟುಂಬ. ಶಿವಮೊಗ್ಗದ ಗ್ರಂಧಿಗೆ ಅಂಗಡಿಯಲ್ಲಿ ತ್ರಿಫಲಾ ಪುಡಿ ಕೊಳ್ಳುವವರಿಗೆ ಇದೇ ಲೆಕ್ಕ ಇನ್ನೊಂದು ರೀತಿಯಲ್ಲಿ ಸಿಗುತ್ತದೆ: ಮೂರರಲ್ಲಿ ಅಳಲೆ, ತಾರೆ ಒಂದೇ ಮನೆಯವು, ನೆಲ್ಲಿ ಹೊರಗಿನವಳು. ನೆಲ್ಲಿಕಾಯಿಯ ಗಟ್ಟಿ ಬೀಜ ಒಡೆದರೆ ಮೂರು ಕೋಣೆ, ಕೋಣೆಗೆರಡು ಬೀಜ. ಈ ಮೂರರ ಲೆಕ್ಕದಿಂದಲೇ ಬೆಂಥಮ್ ಮತ್ತು ಹೂಕರ್ ನೆಲ್ಲಿಯನ್ನು ಹರಳು ಗಿಡದ ಜೊತೆ ಇಟ್ಟಿದ್ದರು.

ಇದಕ್ಕೆ ತದ್ವಿರುದ್ಧ ಉದಾಹರಣೆ ದ್ವಿದಳ ಧಾನ್ಯಗಳ ಬಳಗ. ಹೊನ್ನೆ ಮರದ ಹಳದಿ ಹೂವಿಗೆ ನೆಟ್ಟಗೆ ನಿಂತ ಒಂದು ಧ್ವಜದಳ, ಎರಡು ರೆಕ್ಕೆದಳ, ಒಳಗೆ ದೋಣಿಯಾಗಿ ಕೂಡಿದ ಎರಡು ದಳ. ಕಕ್ಕೆ ಹೂವಿನಲ್ಲಿ ಐದು ದಳಗಳೂ ಹೆಚ್ಚುಕಡಿಮೆ ಸಮ. ಮುಟ್ಟಿದರೆ ಮುನಿಯ ಗುಲಾಬಿ ಚೆಂಡು ಒಂದು ಹೂವಲ್ಲ, ಹತ್ತಾರು ಹೂಗಳ ಸಂತೆ, ಕಾಣುವುದೆಲ್ಲ ಕೇಸರವೇ. ಮೂರು ಹೂಗಳನ್ನು ಅಕ್ಕಪಕ್ಕ ಇಟ್ಟರೆ ಯಾರೂ ನೆಂಟರೆನ್ನುವುದಿಲ್ಲ. ಆದರೆ ಮೂರರಲ್ಲೂ ಅಂಡಾಶಯ ಒಂದೇ ಕೋಣೆಯದು, ಕಾಳುಗಳು ಒಂದೇ ಅಂಚಿಗೆ ಅಂಟಿರುತ್ತವೆ. ಹೊನ್ನೆಯಲ್ಲಿ ಅದು ದುಂಡಗೆ ಚಪ್ಪಟೆಯಾಗಿ ಸುತ್ತ ರೆಕ್ಕೆ ಪಡೆಯುತ್ತದೆ, ಕಕ್ಕೆಯಲ್ಲಿ ಮೊಳದುದ್ದ ಕೋಲಾಗುತ್ತದೆ. ಮತ್ತಿಯ ಬಳಗದಲ್ಲಿ ಕಾಯಿ ದಾರಿ ತಪ್ಪಿಸುತ್ತದೆ, ಹೂ ಸರಿದಾರಿಗೆ ತರುತ್ತದೆ. ಹೊನ್ನೆಯ ಬಳಗದಲ್ಲಿ ಹೂ ದಾರಿ ತಪ್ಪಿಸುತ್ತದೆ, ಕಾಯಿ ಸರಿಪಡಿಸುತ್ತದೆ. ಎರಡನ್ನೂ ಕೇಳದೆ ತೀರ್ಪು ಕೊಡಬಾರದೆಂದು ಹಳೆಯ ಮೇಷ್ಟರುಗಳು ಹಟ ಹಿಡಿಯುತ್ತಿದ್ದುದು ಸರಿಯಾಗಿಯೇ ಇತ್ತು.

1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಭದ್ರಾವತಿಗೆ ಬಿದಿರನ್ನು ಎಳೆತಂದಿತು. ಬಿದಿರು ಹೂವಿಂದ ಗುರುತಿಸಹೊರಟವರ ತಾಳ್ಮೆ ಪರೀಕ್ಷಿಸುವ ಗಿಡ. ಹೆಬ್ಬಿದಿರು ಹಲವು ದಶಕಗಳಿಗೊಮ್ಮೆ ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ, ಮೆಳೆಸಮೇತ ಒಣಗುತ್ತದೆ. ಆ ಒಂದು ಸಲ ಸಿಕ್ಕಿದರೆ ಅದರ ಹೂವಿನಲ್ಲಿ ಆರು ಕೇಸರ ಎಣಿಸಬಹುದು. ಭತ್ತದಲ್ಲೂ ಆರೇ, ಆದರೆ ಹುಲ್ಲಿನ ಬಳಗದ ಹೆಚ್ಚಿನವಕ್ಕೆ ಮೂರು. ಬಿದಿರು ಸಾಲದಾದಾಗ ನೆಡುತೋಪುಗಳು ಬಂದವು. 1980ರಲ್ಲಿ 40 ವರ್ಷದ ಗುತ್ತಿಗೆಗೆ ಪಡೆದ ಅರಣ್ಯಭೂಮಿಯಲ್ಲಿ ಕಾರ್ಖಾನೆ ಬೆಳೆಸಿದ ಅಕೇಶಿಯಾ ಮಲೆನಾಡಿನ ಚಹರೆಯನ್ನೇ ಬದಲಿಸಿತು. ಅದರಲ್ಲಿ ನಮಗೆ ಎಲೆಯೆಂದು ಕಾಣುವುದು ಎಲೆಯಲ್ಲ, ಚಪ್ಪಟೆಯಾದ ತೊಟ್ಟು. ಎಲೆ ನೋಡಿ ಕುಟುಂಬ ಹೇಳಹೊರಟವರು ಅಲ್ಲೇ ಎಡವುತ್ತಾರೆ. ಹಳದಿ ಹೂತೆನೆಯ ಕೇಸರ ರಾಶಿಯೂ ಸುರುಳಿ ಸುತ್ತಿದ ಕಾಯಿಯೂ ಅದನ್ನು ಸೀಗೆ, ಮುಟ್ಟಿದರೆ ಮುನಿಗಳ ಸಾಲಿಗೆ ತಂದು ನಿಲ್ಲಿಸುತ್ತವೆ. ಗುತ್ತಿಗೆ ಮುಗಿದ 2020ರ ಹೊತ್ತಿಗೆ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಚಳವಳಿ ಶಿವಮೊಗ್ಗದಲ್ಲಿ ಕಾವೇರಿತು.

ಪಾಠದ ಕಥೆಗೆ ಬರೋಣ. 1940ರಲ್ಲಿ ಶಿವಮೊಗ್ಗದಲ್ಲಿ ಇಂಟರ್‌ಮೀಡಿಯಟ್ ಕಾಲೇಜು ಆರಂಭವಾಯಿತು. ಮುಂದೆ ಸಹ್ಯಾದ್ರಿ ಕಾಲೇಜೆಂದು ಹೆಸರಾದದ್ದು ಇದೇ. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಹುಟ್ಟಿ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ನೆಲೆಯೂರಿತು. ಅಲ್ಲಿಯವರೆಗೆ ಈ ಭಾಗದ ಸಸ್ಯಶಾಸ್ತ್ರ ವಿದ್ಯಾರ್ಥಿಗಳಿಗೆ ಮೈಸೂರು ವಿಶ್ವವಿದ್ಯಾಲಯದ ಪರೀಕ್ಷೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಮುಂದಿಟ್ಟ ಕೊಂಬೆ ನೋಡಿ ಕುಟುಂಬ ಬರೆಯಬೇಕು, ಯಾಕೆಂದೂ ಹೇಳಬೇಕು. ಹೂವಿನ ಲೆಕ್ಕವನ್ನು ಅಕ್ಷರಗಳ ಸೂತ್ರವಾಗಿ ಬರೆಯುವುದು ರೂಢಿ: ಪುಷ್ಪಪತ್ರಗಳ ಸುತ್ತಾದ ಪುಷ್ಪಪಾತ್ರೆಗೆ ‘ಕೆ’, ದಳಕ್ಕೆ ‘ಸಿ’, ಕೇಸರಕ್ಕೆ ‘ಎ’, ಅಂಡಾಶಯಕ್ಕೆ ‘ಜಿ’. ಕೂಡಿದ್ದರೆ ಆವರಣ ಚಿಹ್ನೆ. ಅಂಡಾಶಯ ಮೇಲಿದ್ದರೆ ‘ಜಿ’ಯ ಕೆಳಗೆ ಗೆರೆ, ಕೆಳಗಿದ್ದರೆ ಮೇಲೆ ಗೆರೆ. ಆ ಒಂದು ಗೆರೆ ಅದಲು ಬದಲಾದರೆ ಕುಂಬಳದ ಕುಟುಂಬ ಬದನೆಯ ಕುಟುಂಬವಾಗಿ ಹೋಗುತ್ತದೆ.

ಉಮ್ಮತ್ತಿ ಹೂವನ್ನು ಕೊಯ್ಯುವುದು ಈ ವಿದ್ಯೆಯ ಒಳ್ಳೆಯ ಪರೀಕ್ಷೆ. ಬುಡದಿಂದ ಸೀಳಿದರೆ ಕೂಡಿದ ಐದು ದಳಗಳ ಉದ್ದ ಕೊಳವೆ, ಅದರ ಒಳಗೋಡೆಗೆ ಅಂಟಿದ ಐದು ಕೇಸರ. ಇಲ್ಲಿಯವರೆಗೆ ಬದನೆ, ಟೊಮೆಟೊ, ಮೆಣಸಿನಕಾಯಿಯ ಲೆಕ್ಕವೇ. ಅಂಡಾಶಯವನ್ನು ಬ್ಲೇಡಿನಿಂದ ತೆಳ್ಳಗೆ ಅಡ್ಡ ಕೊಯ್ದು ಗಾಜಿನ ಮೇಲೆ ನೀರಿನ ಹನಿಯಲ್ಲಿಟ್ಟರೆ ನಾಲ್ಕು ಕೋಣೆ ಕಾಣುತ್ತವೆ. ಬದನೆಯ ಕುಟುಂಬಕ್ಕೆ ಇರಬೇಕಾದದ್ದು ಎರಡು. ಗಾಬರಿಬಿದ್ದವರು ಕುಟುಂಬ ಬದಲಿಸಿ ಅಂಕ ಕಳೆದುಕೊಳ್ಳುತ್ತಿದ್ದರು. ಅಸಲು ಕೋಣೆ ಎರಡೇ, ಆಮೇಲೆ ಎದ್ದ ಹುಸಿಗೋಡೆ ಅವನ್ನು ನಾಲ್ಕು ಮಾಡಿದೆ. ಮುಳ್ಳುಕಾಯಿ ಬಲಿತು ನಾಲ್ಕಾಗಿ ಒಡೆಯುವುದೂ ಅದಕ್ಕೇ. ಕಾಯಿಯ ಬುಡದಲ್ಲಿ ಉಳಿದ ಪುಷ್ಪಪಾತ್ರೆಯ ತುಂಡು, ಬದನೆಕಾಯಿಯ ತಲೆ ಮೇಲೆ ಉಳಿಯುವ ಹಸಿರು ತೊಟ್ಟಿನ ಸಂಬಂಧಿ.

ಕಾಲೇಜಿಗೆ ಹೋಗದವರಿಗೂ ಶಿವಮೊಗ್ಗದ ಗಾಂಧಿ ಬಜಾರಿನ ಹೂವಿನ ಬುಟ್ಟಿಗಳಿವೆ. ಸೇವಂತಿಗೆಯ ಒಂದು ‘ದಳ’ವನ್ನು ಬುಡಸಮೇತ ಕಿತ್ತರೆ ಅದೇ ಒಂದು ಇಡೀ ಹೂ, ಅದಕ್ಕೆ ತನ್ನದೇ ಅಂಡಾಶಯ. ಕನಕಾಂಬರದ ಒಣಗಿದ ಕಾಯಿಗೆ ನೀರು ತಾಗಿದರೆ ಸಿಡಿದು ಬೀಜ ಚಿಮ್ಮುತ್ತದೆ. ಅಕಾಂತೇಸಿ ಕುಟುಂಬದ ಈ ಚಾಳಿ ಮಕ್ಕಳಿಗೆ ಚೆನ್ನಾಗಿ ಗೊತ್ತು. ಇಂಥ ಸಂಗತಿಗಳನ್ನು ಕನ್ನಡದಲ್ಲಿ ರಸವತ್ತಾಗಿ ಹೇಳಬಹುದೆಂದು ತೋರಿಸಿದವರು ಬಿ.ಜಿ.ಎಲ್. ಸ್ವಾಮಿ. ಅವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಪಕ್ಕದ ಜಿಲ್ಲೆಗಳಿಗೆ ಪುಸ್ತಕ ಮೊದಲು ಬಂತು. ಸೆಸಿಲ್ ಸಲ್ಡಾನ ಮತ್ತು ಡಾನ್ ನಿಕಲ್ಸನ್ ಅವರ ಹಾಸನ ಜಿಲ್ಲೆಯ ಸಸ್ಯಸಂಪುಟ 1976ರದು, ಬೇರೆಯವರು ಬರೆದ ಚಿಕ್ಕಮಗಳೂರಿನದು 1982ರದು. ಶಿವಮೊಗ್ಗ ಇನ್ನೂ ಎರಡು ದಶಕ ಕಾಯಿತು. ಎಸ್.ಎನ್. ರಾಮಸ್ವಾಮಿ, ಎಂ. ರಾಧಾಕೃಷ್ಣ ರಾವ್, ಡಿ.ಎ. ಗೋವಿಂದಪ್ಪ ಅವರು ಸಿದ್ಧಪಡಿಸಿದ ‘ಫ್ಲೋರಾ ಆಫ್ ಶಿಮೊಗ ಡಿಸ್ಟ್ರಿಕ್ಟ್’ ಅನ್ನು ಮೈಸೂರು ವಿಶ್ವವಿದ್ಯಾಲಯದ ಪ್ರಸಾರಾಂಗ 2001ರಲ್ಲಿ ಪ್ರಕಟಿಸಿತು. ಕ್ಲೆಗಾರ್ನ್ ಮೊದಲ ಹಾಳೆ ಬರೆಸಿ 156 ವರ್ಷವಾಗಿತ್ತು.

ಅಷ್ಟರಲ್ಲಿ ಕುಟುಂಬಗಳೇ ಮನೆ ಬದಲಿಸತೊಡಗಿದ್ದವು. 1998ರಿಂದ ಡಿ.ಎನ್.ಎ. ಆಧಾರದ ವರ್ಗೀಕರಣ ಬಂದಿದೆ. ಅದರ 2016ರ ಆವೃತ್ತಿಯಲ್ಲಿ 416 ಕುಟುಂಬಗಳಿವೆ. ತೇಗ ಈಗ ತುಳಸಿಯ ಕುಟುಂಬಕ್ಕೆ ಸೇರಿದೆ. ಬೂರುಗ ದಾಸವಾಳದ ಮನೆ ಹೊಕ್ಕಿದೆ. ಎಕ್ಕ ಮತ್ತು ಕಣಗಿಲೆ ಒಂದಾಗಿವೆ. ಹಾಲಿನ ಸೊನೆ, ಜೋಡಿ ಕಾಯಿ, ಬೀಜದ ತುದಿಯ ರೇಷ್ಮೆ ಕುಚ್ಚು ನೋಡಿದ್ದವರಿಗೆ ಇದು ಅಚ್ಚರಿಯಲ್ಲ. ಲಿಲ್ಲಿ ಕುಟುಂಬ ಮಾತ್ರ ಒಡೆದು ಚೂರಾಗಿದೆ: ಗೌರಿಹೂ ಒಂದು ಕಡೆ, ಶತಾವರಿ ಇನ್ನೊಂದು ಕಡೆ, ಈರುಳ್ಳಿ ಮತ್ತೊಂದು ಕಡೆ. ನೆಲ್ಲಿಯೂ ಹರಳಿನಿಂದ ಬೇರೆಯಾಗಿದೆ. ಹೊಸ ಪದ್ಧತಿ ಹಳೆಯದನ್ನು ಸುಳ್ಳು ಮಾಡಿದ್ದಕ್ಕಿಂತ ಹೆಚ್ಚು ಕಡೆ ತಿದ್ದಿದೆ. ಮತ್ತಿ, ಹೊನ್ನೆ, ಬದನೆಯ ಬಳಗಗಳು ಮುಕ್ಕಾಗದೆ ಉಳಿದಿವೆ. ಬ್ಲೇಡು ಮತ್ತು ಕೈಮಸೂರ ಹಿಡಿದು ನೂರೈವತ್ತು ವರ್ಷ ಮಾಡಿದ ಕೆಲಸಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ.

ಈಗ ಮೊಬೈಲ್ ಆ್ಯಪ್‌ಗಳು ಫೋಟೊ ನೋಡಿ ಹೆಸರು ಹೇಳುತ್ತವೆ. ಬಳಸಿ, ತಪ್ಪಿಲ್ಲ. ಆದರೆ ಹೂವಿನ ಮುಖದ ಚಿತ್ರವೊಂದನ್ನೇ ಹಾಕಿದರೆ ಆ್ಯಪ್ ಕೂಡ ಎಡವುತ್ತದೆ. ಹೂವಿನ ಹಿಂಬದಿಯ ಪುಷ್ಪಪತ್ರ, ಉದ್ದಕ್ಕೆ ಸೀಳಿದ ಒಂದು ಹೂ, ಅಡ್ಡ ಕೊಯ್ದ ಒಂದು ಎಳೆಗಾಯಿ, ಸಿಕ್ಕರೆ ಬಲಿತ ಕಾಯಿ, ಇವುಗಳ ಚಿತ್ರಗಳನ್ನೂ ಸೇರಿಸಿ. ಒಂದು ಹೂ, ಒಂದು ಕಾಯಿ ಕಿತ್ತರೆ ಸಾಕು, ಗಿಡ ಕೀಳಬೇಡಿ. ಊರು, ತಾರೀಕು ಬರೆಯುವಾಗ ಅಲ್ಲಿನವರು ಆ ಗಿಡವನ್ನು ಕರೆಯುವ ಹೆಸರನ್ನೂ, ಹೆಸರು ಹೇಳಿದವರು ಯಾರೆಂಬುದನ್ನೂ ಅವರ ಒಪ್ಪಿಗೆ ಪಡೆದು ಬರೆದಿಡಿ.